ಅಟ್ಟವಿರುವ ಮನೆ ಬೇಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಪುಣ್ಯಾತ್ಮರು ಒಂದು ಮಾತು ಮರೆತಿದ್ದಾರೆ. ಇರುವ ಮನೆ ಕೆಡವಿ ನೋಡು ಅಂತಲೂ ಹೇಳಬೇಕಿತ್ತು. ದಬ್ಬೇಘಟ್ಟದ ಹತ್ತಿರದ ಹಳ್ಳಿಯಲ್ಲಿ ನಿಂಗಮ್ಮನ ಮನೆಯ ಗೋಡೆ ಬಿರುಕು ಬಿಟ್ಟು ಎಷ್ಟೋ ಮಳೆಗಾಲ ಕಳೆದಿತ್ತು. ಈ ಯುಗಾದಿ ಕಳೆದ ಮೇಲೆ ಮಗ ಕಲ್ಲೇಶ್ ಹಟ ಹಿಡಿದ. ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟೇ ಕಟ್ಟಬೇಕು. ಮೇಸ್ತ್ರಿ ಬಂದು ಅಳತೆ ಹಾಕಿದ, ಒಳ್ಳೆಯ ದಿನವನ್ನೂ ನೋಡಿಸಿದ್ದಾಯಿತು. ಅಷ್ಟೆಲ್ಲ ಆದಮೇಲೆ, ಹೊಸ ಮನೆ ಮುಗಿಯುವವರೆಗೆ ಇರುವುದೆಲ್ಲಿ ಎಂದು ಎಲ್ಲರಿಗೂ ನೆನಪಾಯಿತು.

ಜನ ಇರುವುದೆಲ್ಲಿ ಎಂಬುದು ಅಂಥ ದೊಡ್ಡ ಪ್ರಶ್ನೆಯೇನಲ್ಲ. ಜನ ಎಲ್ಲಿ ಬೇಕಾದರೂ ಮುದುರಿಕೊಳ್ಳುತ್ತಾರೆ. ಕಾಯಿ ಇರುವುದೆಲ್ಲಿ? ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವುದೆಂದರೆ ಕಾಯುವ ಕೆಲಸ. ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ, ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ನಿಂಗಮ್ಮನ ಅಟ್ಟದ ಕಾಯಿ ಆಗಿನ್ನೂ ಅರ್ಧ ದಾರಿಯಲ್ಲಿತ್ತು. ಹಸಿಕಾಯಿಯೆಂದು ಮಾರುವಂತಿಲ್ಲ, ಕೊಬ್ಬರಿಯೆಂದು ಸುಲಿದು ಒಡೆಯುವಂತಿಲ್ಲ.

ಹಾಗಾಗಿ ಅವಳ ಗಂಡ ತಿಮ್ಮಯ್ಯ ಬಾಡಿಗೆ ಮನೆ ನೋಡುವ ಪರಿಯೇ ಬೇರೆಯಾಗಿತ್ತು. ಒಳಗೆ ಕಾಲಿಟ್ಟವನೇ ಕತ್ತೆತ್ತಿ ಸೂರು ನೋಡುತ್ತಿದ್ದ. ತುರುವೇಕೆರೆಯಲ್ಲಿ ಬಸ್ ಸ್ಟ್ಯಾಂಡಿಗೆ ಹತ್ತಿರ ಒಂದು ಮನೆ ಸಿಕ್ಕಿತು. ನಲ್ಲಿ ನೀರು, ಟೈಲ್ಸ್ ನೆಲ, ಅಟ್ಟ ಮಾತ್ರ ಇಲ್ಲ. ಅಡುಗೆಮನೆಯ ಕಿಟಕಿ ನಿಂಗಮ್ಮನಿಗೆ ತುಂಬ ಹಿಡಿಸಿತು.

"ಎಷ್ಟು ಜನ ಇರ್ತೀರಿ?" ಎಂದು ಮನೆಯ ಯಜಮಾನರು ಕೇಳಿದರು.

"ಜನ ಮೂರೇ ಕಣ್ರೀ. ಕಾಯಿ ಒಂದೈದು ಸಾವ್ರ ಆಯ್ತವೆ," ಎಂದ ತಿಮ್ಮಯ್ಯ.

ಯಜಮಾನರು ನಗಲಿಲ್ಲ, ಅವರದೂ ತೆಂಗಿನ ತೋಟವೇ. "ಕಾಯಿ ಒಳೀಕೆ ತುಂಬುದ್ರೆ ನೀವು ಬೀದೀಲಿ ಮಲಗ್ಬೇಕಾಯ್ತದೆ, ಅಷ್ಟೇಯ," ಎಂದರು.

ತೋಟದ ಪಂಪ್‌ಸೆಟ್ ಮನೆಯನ್ನು ನೋಡಿದರು. ಶೀಟು ಸೋರುತ್ತಿತ್ತು, ಇಲಿಗಳು ಆಗಲೇ ಸಂಸಾರ ಹೂಡಿದ್ದವು. ಹುಳಿಯಾರಿನಲ್ಲಿ ಯಾರದೋ ಗೋಡೌನು ಖಾಲಿಯಿದೆ ಎಂದು ಕಲ್ಲೇಶ್ ಹೇಳಿದ. ಅಷ್ಟು ದೂರದ ಕಾಯಿಯನ್ನು ದಿನಾ ನೋಡುವವರು ಯಾರು? ಊರಲ್ಲೇ ಒಳ್ಳೆಯ ಅಟ್ಟವಿದ್ದು, ಅದು ಖಾಲಿಯೂ ಇದ್ದದ್ದು ಒಂದೇ ಮನೆಯಲ್ಲಿ. ಅದು ಮೂವರಿಗೂ ಗೊತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಅಪ್ಪ ಮಗ ಮುಖ ಮುಖ ನೋಡಿಕೊಂಡರು.

"ಅತ್ಗೆ ಮನೆ ಅಟ್ಟ..." ಎಂದು ತಿಮ್ಮಯ್ಯ ಕೊನೆಗೆ ಬಾಯಿ ಬಿಟ್ಟ.

ನಿಂಗಮ್ಮ ಕೈಯಲ್ಲಿದ್ದ ಲೋಟವನ್ನು ಕುಕ್ಕಿದಳು.

ಚಿಕ್ಕಗಂಗಮ್ಮ ತಿಮ್ಮಯ್ಯನ ಅಣ್ಣನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಹಿಂದಿನ ಬೀದಿಯ ಹೆಂಚಿನ ಮನೆಯಲ್ಲಿ ಒಬ್ಬಳೇ ಇದ್ದಳು. ಹಿಂದೆ ಅಣ್ಣತಮ್ಮಂದಿರು ಭಾಗವಾದ ದಿನ ಅತ್ತೆಯ ಬೆಳ್ಳಿ ಡಾಬು ಕಾಣಲಿಲ್ಲ. "ನಿಂಗಿ ಟ್ರಂಕು ಬಿಚ್ಚಿ ನೋಡ್ರಿ" ಎಂದಿದ್ದಳು ಚಿಕ್ಕಗಂಗಮ್ಮ, ಊರ ಹಿರೀಕರೆಲ್ಲ ಕೂತಿದ್ದ ಜಗಲಿಯ ಮೇಲೆ. ಬಿಚ್ಚಿದರು. ನಿಂಗಮ್ಮನ ಸೀರೆ, ಒಳಲಂಗ, ಎಳೆಗೂಸು ಕಲ್ಲೇಶನ ಬಟ್ಟೆ, ಎಲ್ಲವೂ ಗಂಡಸರ ಕಾಲ ಬಳಿ ಬಿದ್ದವು. ಡಾಬು ಆಮೇಲೆ ರಾಗಿ ಕಣಜದಲ್ಲಿ ಸಿಕ್ಕಿತು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಅವತ್ತಿನಿಂದ ನಿಂಗಮ್ಮ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಗಂಡ, ಮಗ ಹೋಗಿ ಬಂದು ಮಾಡುತ್ತಿದ್ದರು, ಅವಳು ಅವರನ್ನು ತಡೆಯಲೂ ಇಲ್ಲ, ಅಲ್ಲಿನ ಸುದ್ದಿ ಕೇಳಲೂ ಇಲ್ಲ.

"ಮನೆ ತುಂಬ ಜಾಗ ಐತೆ ಕಣವ್ವ. ನಾವೂ ಅಲ್ಲೇ ಇದ್ದುಬುಡಾನ. ದೊಡ್ಡವ್ವ ಬ್ಯಾಡ ಅನ್ನಕಿಲ್ಲ," ಎಂದ ಕಲ್ಲೇಶ್.

"ಕಾಯಿ ಬೇಕಾದ್ರೆ ಹೋಗ್ಲಿ," ಎಂದಳು ನಿಂಗಮ್ಮ. "ಕಾಯಿಗೆ ಮಾನ ಇಲ್ಲ, ನಂಗೈತೆ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕಾಯಿ ಚಿಕ್ಕಗಂಗಮ್ಮನ ಅಟ್ಟಕ್ಕೆ ಏರಿತು, ಜನ ತುರುವೇಕೆರೆಯ ಟೈಲ್ಸ್ ಮನೆಗೆ ಇಳಿದರು. ಅಪ್ಪ ಮಗ ಬೆಳಿಗ್ಗೆ ಬೈಕು ಹತ್ತಿ ಕೆಲಸದ ಜಾಗಕ್ಕೆ ಹೋದರೆ ಸಂಜೆಯೇ ಬರುತ್ತಿದ್ದದ್ದು. ನಿಂಗಮ್ಮ ಆ ಚಂದದ ಕಿಟಕಿಯಲ್ಲಿ ನಿಂತು, ಬೀದಿಯಲ್ಲಿ ಹೋಗುವವರಲ್ಲಿ ಗುರುತಿನ ಮುಖ ಹುಡುಕುತ್ತಿದ್ದಳು. ಒಂದೂ ಸಿಗುತ್ತಿರಲಿಲ್ಲ.

ಆಷಾಢ ಹುಟ್ಟಿತು, ಜಡಿಮಳೆ ಹಿಡಿಯಿತು. ಸೂರ್ಯನ ಮುಖ ಕಾಣದೆ ವಾರ ಕಳೆಯಿತು. ನಿಂಗಮ್ಮನಿಗೆ ಕಾಯಿಯ ಚಿಂತೆ ಹತ್ತಿತು. ಇಂಥ ತೇವಕ್ಕೆ ಅಟ್ಟದ ಕಾಯಿ ಒಳಗೇ ಬೂಷ್ಟು ಹಿಡಿಯುತ್ತದೆ. ಕೆಳಗೆ ಸೌದೆ ಒಲೆ ಉರಿದು ಬಿಸಿ ಹೊಗೆ ಮೇಲೇರುತ್ತಿದ್ದರೆ ಭಯವಿಲ್ಲ. ಆದರೆ ಚಿಕ್ಕಗಂಗಮ್ಮ ಗ್ಯಾಸಿನಲ್ಲಿ ಅಡುಗೆ ಮಾಡುವವಳು. ಒಲೆ ಹಚ್ಚು ಅಂತ ಅವಳಿಗೆ ಹೇಳುವವರು ಯಾರು? ಹೇಳಿಸಿದರೆ ತಾನು ಬೇಡಿದಂತಾಗುವುದಿಲ್ಲವೇ? ವರ್ಷದ ಬೆಳೆ ಹೋದರೂ ಹೋಗಲಿ ಎಂದು ಹಲ್ಲು ಕಚ್ಚಿ ಕೂತಳು, ಆದರೆ ಗಂಡ ಬಂದ ತಕ್ಷಣ ಕೇಳದೆ ಇರಲಾಗಲಿಲ್ಲ.

"ಕಾಯಿ ಹೆಂಗವೆ?"

"ಬೆಚ್ಚಗವೆ ಕಣೇ. ಗಡಗಡ ಅನ್ನಕ್ಕೆ ಶುರುವಾಗ್ಯವೆ."

"ಈ ಮಳೇಲಿ? ಹೊಗೆ ಇಲ್ದೆ? ಯಾರ ಕಿವಿಗೆ ಹೂ ಮಡಗ್ತಾ ಇದೀರಿ?"

ತಿಮ್ಮಯ್ಯ ಟವೆಲ್ಲಿನಿಂದ ತಲೆ ಒರೆಸುತ್ತ ಒಳಗೆ ಸರಿದ. ಕಲ್ಲೇಶನಿಗೆ ಮಾತ್ರ ತಡೆಯಲಾಗಲಿಲ್ಲ. "ದೊಡ್ಡವ್ವ ದಿನಾ ಸೌದೆ ಒಲೆ ಉರಿ ಹಾಕ್ತದೆ ಕಣವ್ವ. ಕೆಮ್ಮು ಜಾಸ್ತಿಯಾಗಿ ಮೊನ್ನೆ ನಾನೇ ಡಾಕ್ಟ್ರ ಹತ್ರ ಕರ್ಕೊಂಡೋಗಿದ್ದೆ. ಹೊಗೆ ಸೇರಿಸ್ಲೇಬ್ಯಾಡಿ ಅಂತ ಅವ್ರು ಬೈದ್ರು. ಕೇಳಾಕಿಲ್ಲ. ನಿಮ್ಮವ್ವಂಗೆ ಹೇಳ್ಬ್ಯಾಡ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡೈತೆ."

ಮಾರನೆಯ ಬೆಳಿಗ್ಗೆ ನಿಂಗಮ್ಮ ಯಾರಿಗೂ ಹೇಳದೆ ದಬ್ಬೇಘಟ್ಟದ ಬಸ್ ಹತ್ತಿದಳು. ಕೊಡೆ ಮರೆತಿದ್ದಳು. ನೆನೆದುಕೊಂಡೇ ಊರು ಸೇರಿ, ತನ್ನ ಹೊಸ ಗೋಡೆಗಳತ್ತ ತಿರುಗಿಯೂ ನೋಡದೆ ಹಿಂದಿನ ಬೀದಿಗೆ ಹೋದಳು. ಹೆಂಚಿನ ಸಂದಿಯಲ್ಲೆಲ್ಲ ಹೊಗೆ ಏಳುತ್ತಿತ್ತು. ಬಾಗಿಲು ತಳ್ಳಿದಳು. ಕಾಲು ಹೊಸ್ತಿಲ ಈಚೆಯೇ ನಿಂತುಬಿಟ್ಟಿತು.

ಒಳಗೆ ಚಿಕ್ಕಗಂಗಮ್ಮ ಊದುಗೊಳವೆ ಹಿಡಿದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಸೊರಗಿ ಅರ್ಧವಾಗಿದ್ದಳು. ಅನ್ನ ಸಾರು ಅತ್ತ ಗ್ಯಾಸಿನ ಪಕ್ಕದಲ್ಲಿ ಮುಚ್ಚಿಟ್ಟಿತ್ತು. ಉರಿಯುತ್ತಿದ್ದ ಒಲೆಯ ಮೇಲೆ ಒಂದು ಪಾತ್ರೆಯೂ ಇರಲಿಲ್ಲ.

"ಯಾರೇ ಅದು?"

"ನಾನು."

ಚಿಕ್ಕಗಂಗಮ್ಮ ತಿರುಗಿದಳು, ನೋಡಿದಳು, ಬಹಳ ಹೊತ್ತು ಕೆಮ್ಮಿದಳು. "ಬಯ್ಯಕ್ಕೆ ಬಂದಿದ್ರೆ ಒಳೀಕೆ ಬಂದು ಬಯ್ಯಿ. ಬಾಗ್ಲು ತೆಗೆದಿದ್ರೆ ಹೊಗೆಯೆಲ್ಲ ಹೊರಕ್ಕೋಯ್ತದೆ, ಕಾಯಿಗೆ ತಾಗಕಿಲ್ಲ."

ನಿಂಗಮ್ಮ ಒಳಗೆ ಬಂದು ಬಾಗಿಲು ಹಾಕಿದಳು. "ಡಾಕ್ಟ್ರು ಬ್ಯಾಡ ಅಂದವ್ರಂತೆ. ಸಾಯ್ಬೇಕು ಅಂತ ಮಾಡಿದ್ದೀಯಾ? ಇದನ್ನೆಲ್ಲ ಮಾಡು ಅಂತ ನಿಂಗೆ ಯಾರಕ್ಕ ಹೇಳಿದ್ದು?"

"ಯಾರೂ ಹೇಳ್ನಿಲ್ಲ." ಚಿಕ್ಕಗಂಗಮ್ಮ ಸೌದೆಯನ್ನು ಒಳಗೆ ನೂಕಿದಳು. "ಅವತ್ತು ನಿನ್ನ ಟ್ರಂಕು ಬಿಚ್ಚಿಸು ಅಂತ್ಲೂ ನಂಗೆ ಯಾರೂ ಹೇಳಿರ್ನಿಲ್ಲ. ಅದನ್ನೂ ನಾನೇ ಮಾಡ್ದೆ. ತಪ್ಪಾಯ್ತು ಅನ್ನಾನ ಅಂತ ನಿಮ್ಮನೆ ಬೀದಿಗೆ ಎಷ್ಟು ಸಲ ಬಂದಿವ್ನೋ ದೇವ್ರಿಗೇ ಗೊತ್ತು. ನಾಲಿಗೆ ಏಳ್ನಿಲ್ಲ. ನಿನ್ನ ಕಾಯಿ ಬಂತಲ್ಲ, ಅದನ್ನಾದ್ರೂ ಕಾಯಾನ ಅಂದ್ಕಂಡೆ."

ನಿಂಗಮ್ಮನಿಗೆ ಅಳು ಒತ್ತರಿಸಿ ಬಂತು. ಹೊಗೆಯ ನೆಪ ಹೇಳಲೂ ಹೋಗದೆ ಗೊಳೋ ಎಂದು ಅತ್ತಳು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟಿನಲ್ಲಿ ಅರ್ಧಕ್ಕರ್ಧ ಈ ಒಂದು ಮಾತಿಗಾಗಿ ಕಾದಿದ್ದ ಸಂಕಟ ಎಂದು ಅವಳಿಗೆ ಆಗ ಗೊತ್ತಾಯಿತು. ಮೂಗು ಒರೆಸಿಕೊಂಡು, ಓರಗಿತ್ತಿಯ ಕೈಯಿಂದ ಊದುಗೊಳವೆ ಕಿತ್ತುಕೊಂಡಳು.

"ಸರಿ ಅತ್ಲಾಗೆ. ಹೋಗಿ ಪಡಸಾಲೇಲಿ ಬಿದ್ಕೋ. ಇನ್ಮೇಲೆ ಒಲೆ ಹತ್ರ ಬಂದ್ರೆ ಕಾಲು ಮುರೀತೀನಿ."

ಉರಿ ಚೆನ್ನಾಗಿ ಹತ್ತಿದ ಮೇಲೆ ಮಗನಿಗೆ ಫೋನು ಮಾಡಿದಳು. ಟೈಲ್ಸ್ ಮನೆಯ ಸಾಮಾನೆಲ್ಲ ಕಟ್ಟಿಸಿ ದೊಡ್ಡವ್ವನ ಮನೆಗೆ ತಾ ಎಂದಳು. ಕಲ್ಲೇಶನಿಗೆ ಏನೂ ಅರ್ಥವಾಗಲಿಲ್ಲ. "ಯಾಕವ್ವ, ತಾರಸಿ ಮೋಲ್ಡು ಹಾಕಿ ಆಯ್ತಲ್ಲ. ಬ್ಯಾಗ ಬ್ಯಾಗ ಮುಗಿಸು ಅಂತ ಮೇಸ್ತ್ರಿಗೆ ಹೇಳಿವ್ನಿ. ಇನ್ನೊಂದ್ಸ್ವಲ್ಪ ದಿನ ತಡ್ಕೊ, ನಮ್ಮನೇಗೇ ಹೋಗಾನ," ಎಂದ.

ನಿಂಗಮ್ಮ ಪಡಸಾಲೆಯ ಕಡೆ ನೋಡಿದಳು. ಚಿಕ್ಕಗಂಗಮ್ಮ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ಕೆಮ್ಮು ತಡೆದುಕೊಂಡು ಈ ಮಾತಿಗೇ ಕಿವಿ ಕೊಟ್ಟಿದ್ದಳು.

"ಏನೂ ಅವಸರ ಇಲ್ಲ ಅಂತ ಹೇಳಪ್ಪ ಮೇಸ್ತ್ರಿಗೆ," ಎಂದಳು ನಿಂಗಮ್ಮ, ಅವಳಿಗೂ ಕೇಳುವ ಹಾಗೆ.