ಧರ್ಣಪ್ಪಣ್ಣ ತಂದ ಮೂರು ಬಾಟಲಿ ನೀರು

ಸಿದ್ಧಕಟ್ಟೆಯ ಪೂವಮ್ಮನವರ ಮೊಮ್ಮಗಳು ತೃಷಾಳಿಗೆ ಒಂಬತ್ತು ತಿಂಗಳು. ರಾಗಿಗೆ ನೀರು, ಬೆಲ್ಲ ಸೇರಿಸಿ ಕಾಯಿಸಿದ ಮಣ್ಣಿ ಕೊಟ್ಟರೆ ಬಾಯಿ ಚಪ್ಪರಿಸಿ ತಿನ್ನುತ್ತಿದ್ದಳು. ಅರ್ಧ ಗಂಟೆಯೊಳಗೆ ಎಲ್ಲವನ್ನೂ ಕಕ್ಕುತ್ತಿದ್ದಳು. ಆಮೇಲೆ ಕಾಲು ಮಡಚಿಕೊಂಡು ಅಳು. ಮಳೆಗಾಲ ಶುರುವಾದ ಮೇಲೆ ಮಗುವಿನ ತೂಕ ಏರಲೇ ಇಲ್ಲ.

ದೃಷ್ಟಿ ತೆಗೆದರು. ರಾಗಿ ಬದಲಿಸಿದರು. ಡಾಕ್ಟರು ನೀರು ಪರೀಕ್ಷೆ ಮಾಡಿಸಿ ಎಂದರು. ಪಂಚಾಯತಿನ ಕಿಟ್‌ನಲ್ಲಿ ನೋಡಿದಾಗ ರೋಗಾಣು ಇಲ್ಲ ಎಂದು ಬಂತು. ಪೂವಮ್ಮನವರ ಗಂಡ ಧರ್ಣಪ್ಪಣ್ಣನಿಗೆ ಅಷ್ಟು ಸಾಕಾಯಿತು. ತನ್ನ ಬಾವಿಯ ನೀರಿನಷ್ಟು ತಿಳಿ ನೀರು ಈ ಊರಲ್ಲೇ ಇಲ್ಲ ಎಂದು ಅವರು ಮೊದಲಿಂದಲೂ ಹೇಳುತ್ತಿದ್ದರು. ಅದು ಸಾಲದ್ದಕ್ಕೆ ಮನೆಯಲ್ಲಿ ಕುದಿಸಿಯೇ ಕುಡಿಯುತ್ತಿದ್ದರು.

ಸೊಸೆ ಹರ್ಷಿತಾ ಮಗುವನ್ನು ಕರೆದುಕೊಂಡು ಲಾಯಿಲದ ತವರಿಗೆ ಹೋದಳು. ಅಲ್ಲಿ ಹದಿನೈದು ದಿನ ಮಗು ಒಮ್ಮೆಯೂ ಕಕ್ಕಲಿಲ್ಲ. ಅದೇ ರಾಗಿ, ಅದೇ ಬೆಲ್ಲ. ಸಿದ್ಧಕಟ್ಟೆಗೆ ಮರಳಿದ ಎರಡನೇ ದಿನ ಮತ್ತೆ ಶುರು. ಮಗು ದೊಡ್ಡದಾಗುವವರೆಗೆ ಲಾಯಿಲದಲ್ಲೇ ಇರುತ್ತೇನೆ ಎಂದು ಹರ್ಷಿತಾ ಬ್ಯಾಗು ತುಂಬಿಸಿದಳು. ಇದು ತನ್ನ ಕೈಯಡುಗೆಗೆ ಹೇಳಿದ ಮಾತು ಎಂದುಕೊಂಡ ಪೂವಮ್ಮ ಸೊಸೆಯ ಜೊತೆ ಮಾತು ಬಿಟ್ಟರು. ಮಗು ಮಾತ್ರ ಇಬ್ಬರ ಕೈಯಲ್ಲೂ ಅಳುತ್ತಿತ್ತು.

ಕೆಳಗಿನ ಮನೆಯ ಅಬ್ದುಲ್ ರವೂಫ್ ಅವರ ಮಗಳು ಶಮ್ನಾ ಮೂಡುಬಿದಿರೆಯಲ್ಲಿ ಎಂ.ಎಸ್ಸಿ. ಓದುತ್ತಾಳೆ. ಮಗುವನ್ನು ನೋಡಲು ಬಂದವಳು ಇಬ್ಬರ ಮಾತನ್ನೂ ಕೇಳಿಸಿಕೊಂಡಳು. ರಾಗಿ ಒಂದೇ, ಬೆಲ್ಲ ಒಂದೇ, ನೀರು ಮಾತ್ರ ಬೇರೆ ಅಲ್ವಾ ಎಂದಳು. ರೋಗಾಣು ಇಲ್ಲದ ನೀರಿನಲ್ಲೂ ಸೀಸ, ತಾಮ್ರದಂಥ ಲೋಹ ಕರಗಿರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಮ್ಮ ಕಾಲೇಜಿನಲ್ಲಿ ಅದನ್ನು ಹುಡುಕುವ ಬಯೋಸೆನ್ಸರ್ ಒಂದನ್ನು ಪ್ರಯೋಗ ಮಾಡಿ ನೋಡುತ್ತಿದ್ದಾರೆ, ಒಂದು ಬಾಟಲಿ ನೀರು ಕೊಡಿ ಎಂದು ಕೇಳಿದಳು.

ಬಯೋಸೆನ್ಸರ್ ಎಂದರೆ ಯಂತ್ರ ಎಂದುಕೊಂಡಿದ್ದರು ಪೂವಮ್ಮ. ಅದು ಬೆರಳುದ್ದದ ಗಾಜಿನ ನಳಿಗೆ. ತಳದಲ್ಲಿ ಒಂದು ಚೂರು ಬಿಳಿ ಕಾಗದ. ಅದರ ಮೇಲೆ ಯಾರಿಗೂ ತೊಂದರೆ ಮಾಡದ ಸೂಕ್ಷ್ಮಜೀವಿಗಳನ್ನು ಒಣಗಿಸಿ ಇಟ್ಟಿರುತ್ತಾರೆ. ನೀರು ತಾಗಿದರೆ ಅವು ಎಚ್ಚರವಾಗುತ್ತವೆ. ನೀರಿನಲ್ಲಿ ತಾಮ್ರ ಹೆಚ್ಚಿದ್ದರೆ ಬಣ್ಣ ಬಿಡುತ್ತವೆ.

"ಇಡ್ಲಿ ಹಿಟ್ಟು ಉಬ್ಬಿಸುವುದೂ ಇಂಥವೇ ಪೂವಮ್ಮಕ್ಕ" ಎಂದಳು ಶಮ್ನಾ. "ಚಳಿಯೋ ಬಿಸಿಯೋ ಅಂತ ಅವಕ್ಕೆ ಗೊತ್ತಾಗುವುದಿಲ್ಲವಾ? ಇವಕ್ಕೆ ತಾಮ್ರ ಗೊತ್ತಾಗ್ತದೆ."

ಪೂವಮ್ಮ ಅಷ್ಟಕ್ಕೇ ಒಪ್ಪಿ ಬಾಟಲಿ ತುಂಬಿಸಿ ಕೊಟ್ಟರು. ಮರುದಿನ ಶಮ್ನಾ ತಂದು ತೋರಿಸಿದ ನಳಿಗೆಯಲ್ಲಿ ಕಾಗದ ಗುಲಾಬಿಯಾಗಿತ್ತು. ತನ್ನ ಮನೆಯ ಬಾವಿಯ ನೀರನ್ನೂ ಅವಳು ನೋಡಿದ್ದಳು. ಅದು ಬೆಳ್ಳಗೇ ಇತ್ತು.

ಧರ್ಣಪ್ಪಣ್ಣ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು.

"ತಾಮ್ರ ಅಲ್ವಾ? ಜನ ತಾಮ್ರದ ಬಾಟಲಿ ಹುಡುಕಿಕೊಂಡು ಹೋಗ್ತಾರೆ ಮಾರಾಯ್ತಿ. ನಮಗೆ ಬಾವಿಯಲ್ಲೇ ಸಿಗ್ತದೆ ಅಂತಾಯ್ತು."

ಸಾರಿಗೆ ಒಂದು ಚಿಟಿಕೆ ಉಪ್ಪು ಬೇಕು, ಒಂದು ಮುಷ್ಟಿ ಹಾಕಿದರೆ ಯಾರೂ ತಿನ್ನಲಿಕ್ಕಿಲ್ಲ ಎಂದಳು ಶಮ್ನಾ. ದೊಡ್ಡವರ ದೇಹ ಹೆಚ್ಚಾದ ತಾಮ್ರವನ್ನು ಸ್ವಲ್ಪ ಮಟ್ಟಿಗೆ ಹೊರಗೆ ಹಾಕುತ್ತದೆ. ಎಳೆ ಮಗುವಿಗೆ ಆ ಶಕ್ತಿ ಬಂದಿರುವುದಿಲ್ಲ. ಮೊದಲು ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಹಾಗೆಯೇ ಮುಂದುವರಿದರೆ ಪಿತ್ತಜನಕಾಂಗ ಕೆಡಬಹುದು.

ಹುಳದ ಮಾತು ನಂಬಿ ಬಾವಿ ಬಿಡುವವ ತಾನಲ್ಲ ಎಂದರು ಧರ್ಣಪ್ಪಣ್ಣ. ಯಾರ ಮನೆಯ ನೀರೆಂದು ಗೊತ್ತಿದ್ದರೆ ಯಾವ ಬಣ್ಣ ಬೇಕಾದರೂ ಬರಿಸಬಹುದು ಎಂದೂ ಸೇರಿಸಿದರು. ಆ ಮಾತಿಗೆ ಪೂವಮ್ಮ ನಾಚಿದರು. ಶಮ್ನಾ ಬೇಸರ ಮಾಡಿಕೊಳ್ಳಲಿಲ್ಲ. ಹೆಸರು ಹೇಳದೆ ನೀವೇ ನೀರು ತನ್ನಿ, ನಿಮ್ಮ ಎದುರೇ ನೋಡುವ ಎಂದಳು. ಅದನ್ನು ನೋಡಿಯೇ ಲಾಯಿಲಕ್ಕೆ ಹೋಗುವುದೆಂದು ಹರ್ಷಿತಾ ಒಂದು ದಿನ ತಡೆದಳು.

ಭಾನುವಾರ ಬೆಳಿಗ್ಗೆ ಧರ್ಣಪ್ಪಣ್ಣ ಮೂರು ಬಾಟಲಿ ತಂದು ಜಗಲಿಯಲ್ಲಿ ಸಾಲಾಗಿ ಇಟ್ಟರು. ಮೂರೂ ಒಂದೇ ಥರ. ಕುತ್ತಿಗೆಗೆ ಬಿಳಿ, ಕಪ್ಪು, ಹಸಿರು ನೂಲು ಕಟ್ಟಿದ್ದರು. ಎಲ್ಲಿಯ ನೀರೆಂದು ಹೆಂಡತಿಗೂ ಹೇಳಿರಲಿಲ್ಲ. ಶಮ್ನಾ ಮೂರು ನಳಿಗೆಗಳಿಗೆ ನೀರು ಹಾಕಿ, ನೂಲಿನ ಬಣ್ಣ ಬರೆದು, ಅವರ ಕೈಯಲ್ಲೇ ಕೊಟ್ಟಳು. ಎರಡು ಗಂಟೆ ಕಾಯಬೇಕಿತ್ತು. ಧರ್ಣಪ್ಪಣ್ಣ ಚಾ ಕುಡಿಯುವಾಗಲೂ ನಳಿಗೆಗಳ ಮೇಲಿನ ಕಣ್ಣು ತೆಗೆಯಲಿಲ್ಲ. ಅಲ್ಲಿ ಯಾರಾದರೂ ಕದ್ದುಕೊಂಡು ಹೋಗ್ತಾರಾ ಎಂದು ಪೂವಮ್ಮ ಛೇಡಿಸಿದರು.

ಬಿಳಿ ನೂಲಿನದ್ದು ಹಾಗೇ ಉಳಿಯಿತು. ಕಪ್ಪು ನೂಲಿನದ್ದು ಗುಲಾಬಿಯಾಯಿತು. ಹಸಿರು ನೂಲಿನದ್ದು ಕೆಂಪು ದಾಸವಾಳದಷ್ಟು ಗಾಢವಾಯಿತು.

"ಬಿಳಿ ನೂಲಿನ ನೀರಲ್ಲಿ ತಾಮ್ರದ ಭಯ ಇಲ್ಲ" ಎಂದಳು ಶಮ್ನಾ. "ಕಪ್ಪು ನೂಲಿನದ್ದು ಮಗುವಿಗೆ ಬೇಡ. ಹಸಿರು ನೂಲಿನದ್ದನ್ನು ಯಾರೂ ಕುಡಿಯಬೇಡಿ. ಅದು ಯಾರ ಬಾವಿ ಧರ್ಣಪ್ಪಣ್ಣ? ಅವರಿಗೆ ಇವತ್ತೇ ಹೇಳಬೇಕು."

ಧರ್ಣಪ್ಪಣ್ಣ ಹಸಿರು ನೂಲಿನ ಬಾಟಲಿಯನ್ನು ಎತ್ತಿ ಪಕ್ಕಕ್ಕೆ ಇಟ್ಟರು.

"ಬಿಳಿಯದು ನಿಮ್ಮ ಮನೆಯದ್ದು" ಎಂದರು. "ಕಪ್ಪು ನಮ್ಮದು. ಹಸಿರೂ ನಮ್ಮದೇ. ನಾನು ಅರ್ಧಕ್ಕೆ ಬರುವವರೆಗೆ ಕುದಿಸಿ ತಂದದ್ದು. ಬೆಳ್ಳಗೆ ಬರ್ತದೆ ಅಂತ."

ಮೊದಲು ಅರ್ಥವಾದದ್ದು ಪೂವಮ್ಮನವರಿಗೆ. ಸಾರು ಬತ್ತಿದರೆ ಉಪ್ಪು ಏರುವುದಿಲ್ಲವಾ ಎಂದರು. ಹಾಗೆಯೇ ಎಂದಳು ಶಮ್ನಾ. ಕುದಿಸಿದರೆ ರೋಗಾಣು ಸಾಯುತ್ತವೆ. ಲೋಹ ಸಾಯುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿಯುತ್ತದೆ.

ಬಾವಿಗೆ ತಾಮ್ರ ಎಲ್ಲಿಂದ ಬಂತು? ತೋಟದ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮದ್ದನ್ನು ಎಲ್ಲಿ ಕಲಸುತ್ತೀರಿ ಎಂದು ಶಮ್ನಾ ಕೇಳಿದಳು. ಧರ್ಣಪ್ಪಣ್ಣ ಅವಳನ್ನು ಕರೆದುಕೊಂಡು ಹೋಗಿ ತೋರಿಸಿದರು. ಡ್ರಮ್ಮು ಬಾವಿಕಟ್ಟೆಗೆ ತಾಗಿಯೇ ಇತ್ತು. ನೀರು ಹತ್ತಿರ ಎಂದು ಅವರ ತಂದೆಯ ಕಾಲದಿಂದಲೂ ಅಲ್ಲೇ ಮೈಲುತುತ್ತು ಕರಗಿಸಿ ಸುಣ್ಣ ಸೇರಿಸುವುದು, ಅಲ್ಲೇ ಡ್ರಮ್ಮು ತೊಳೆಯುವುದು. ಸುತ್ತಲಿನ ಕೆಂಪುಕಲ್ಲು ನೀಲಿಯಾಗಿತ್ತು. ಕಲ್ಲಿನ ಸಂದಿಯಿಂದ ತೊಳೆದ ನೀರು ಬಾವಿಗೆ ಇಳಿಯುತ್ತಿತ್ತು. ಮೈಲುತುತ್ತಿನಲ್ಲಿರುವುದು ತಾಮ್ರ. ಈ ವರ್ಷ ಮಳೆ ಬಿಡದ ಕಾರಣ ಮೂರು ಸಲ ಮದ್ದು ಬಿಟ್ಟಿದ್ದರು.

ಅಂದಿನಿಂದ ಕುಡಿಯುವ ನೀರು ರವೂಫ್ ಅವರ ಬಾವಿಯಿಂದ ಬಂತು. ಧರ್ಣಪ್ಪಣ್ಣ ತಾವೇ ಕೊಡಪಾನ ಹೊತ್ತರು. ಮೊದಲ ದಿನ ಎದುರಾದ ರವೂಫ್, "ಊರಲ್ಲೇ ತಿಳಿ ನೀರಿನ ಯಜಮಾನರು ನಮ್ಮ ಬಾವಿಗೆ ಬಂದರಲ್ಲ" ಎಂದು ನಕ್ಕು ಹಗ್ಗ ಹಿಡಿದು ತಾವೇ ನೀರು ಸೇದಿ ಕೊಟ್ಟರು.

ನಾಲ್ಕನೇ ದಿನ ತೃಷಾ ತಿಂದ ಮಣ್ಣಿ ಹೊಟ್ಟೆಯಲ್ಲೇ ನಿಂತಿತು. ಮರುದಿನವೂ ನಿಂತಿತು. ಹರ್ಷಿತಾ ಬ್ಯಾಗಿನಿಂದ ಬಟ್ಟೆ ತೆಗೆದು ಕಪಾಟಿನಲ್ಲಿ ಇಟ್ಟಳು. ಅತ್ತೆಯನ್ನು ಕರೆದು, ನಾಳೆಯ ಮಣ್ಣಿ ನೀವೇ ಮಾಡಿ ಎಂದಳು.

ಸೆನ್ಸರ್ ಹೇಳುವುದು ಮೊದಲ ಎಚ್ಚರಿಕೆ ಮಾತ್ರ ಎಂದು ಶಮ್ನಾ ಹೇಳಿದ್ದಳು. ಹಾಗಾಗಿ ಮಂಗಳೂರಿನ ಪ್ರಯೋಗಾಲಯಕ್ಕೂ ನೀರು ಹೋಯಿತು. ಅಲ್ಲಿಯೂ ಅದೇ ಉತ್ತರ: ತಾಮ್ರ, ಇರಬೇಕಾದದ್ದಕ್ಕಿಂತ ಹೆಚ್ಚು. ಮದ್ದು ಕಲಸುವ ಜಾಗ ತಮ್ಮ ಬಾವಿಯಿಂದಲೂ ರವೂಫ್ ಅವರ ಬಾವಿಯಿಂದಲೂ ದೂರ, ಇಳಿಜಾರಿನ ಕೆಳಗೆ ಹೋಯಿತು. ನೀಲಿಯಾದ ಕಲ್ಲು, ಮಣ್ಣು ತೆಗೆಸಿದರು. ಬಾವಿಯ ಸುತ್ತ ಸಿಮೆಂಟ್ ಹಾಕಿಸಿದರು. ಬೇಸಿಗೆಯಲ್ಲಿ ಬಾವಿ ಬತ್ತಿಸಿ ಕೆಸರು ತೆಗೆಸಿದರು.

ಮುಂದಿನ ಮಳೆಗಾಲದಲ್ಲಿ ಎರಡು ಸಲ ಮದ್ದು ಬಿಟ್ಟ ಮೇಲೆ ನೀರನ್ನು ಮತ್ತೆ ನೋಡಿದರು. ಕಾಗದ ಬೆಳ್ಳಗೇ ಉಳಿಯಿತು. ಪ್ರಯೋಗಾಲಯವೂ ಕುಡಿಯಬಹುದು ಎಂದಿತು. ಧರ್ಣಪ್ಪಣ್ಣ ಆ ನಳಿಗೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಪೂವಮ್ಮನವರ ಸ್ವಸಹಾಯ ಸಂಘದ ಸಭೆಗೆ ಹೋದರು. ಅದುವರೆಗೆ ಆ ಸಭೆಗೆ ಕಾಲಿಟ್ಟವರಲ್ಲ. ಎದ್ದು ನಿಂತು ತನ್ನ ತಪ್ಪನ್ನು ತಾನೇ ಹೇಳಿದರು. ಮುಂದಿನ ವಾರ ಹತ್ತೊಂಬತ್ತು ಮನೆಯವರು ಬಾಟಲಿ ತಂದರು. ಎರಡು ಬಾವಿಗಳ ಕಾಗದ ಗುಲಾಬಿಯಾಯಿತು. ಆ ಎರಡು ಮನೆಗಳ ಮಕ್ಕಳು ಈಗ ಬೇರೆ ನೀರು ಕುಡಿಯುತ್ತಿದ್ದಾರೆ.

ಇದನ್ನು ಓದಿ ಮುಗಿಸಿದ ಮೇಲೆ ಒಮ್ಮೆ ನಿಮ್ಮ ಬಾವಿಯ ಬಳಿಗೆ ಹೋಗಿ ನಿಲ್ಲಿ. ಸುತ್ತ ಏನಿದೆ ನೋಡಿ. ಮದ್ದಿನ ಡ್ರಮ್ಮೇ, ಹಳೆಯ ಬ್ಯಾಟರಿಯೇ, ಪೈಂಟಿನ ಡಬ್ಬವೇ? ಇದ್ದರೆ ಇವತ್ತೇ ದೂರ ಇಡಿ. ನೀರು ತಿಳಿಯಾಗಿದೆ, ಕುದಿಸಿದ್ದೇವೆ ಎಂದು ಸುಮ್ಮನಿರಬೇಡಿ. ಪಂಚಾಯತಿನಲ್ಲಿ, ಆರೋಗ್ಯ ಕೇಂದ್ರದಲ್ಲಿ ನೀರಿನ ಪರೀಕ್ಷೆ ಕೇಳುವಾಗ ಲೋಹಗಳನ್ನೂ ನೋಡಿ ಎಂದು ಬಾಯಿಬಿಟ್ಟು ಹೇಳಿ. ಹತ್ತಿರದ ಕಾಲೇಜಿನಲ್ಲಿ ಬಯೋಸೆನ್ಸರ್ ಇದ್ದರೆ ಸಂಘದಿಂದ ಕರೆಸಿ. ಒಂದು ಸೆನ್ಸರ್ ಎಲ್ಲ ಲೋಹಗಳನ್ನೂ ಹೇಳುವುದಿಲ್ಲ, ಯಾವುದಕ್ಕೆ ಯಾವುದು ಎಂದು ಕೇಳಿ ತಿಳಿಯಿರಿ. ಬಣ್ಣ ಬಂದರೆ ಹೆದರಬೇಡಿ, ಮುಚ್ಚಿಡಲೂ ಬೇಡಿ. ಪ್ರಯೋಗಾಲಯಕ್ಕೆ ಕಳುಹಿಸಿ.

ನಿಮ್ಮ ಮನೆಯ ಮಗುವಿಗೆ ಹೇಳಲು ಬರುವುದಿಲ್ಲ. ನೀರಿನ ವಿಷಯ ನೀವೇ ಕೇಳಬೇಕು.