ಒಂದು ಸಾಲಿನ ಚಿಠ್ಠಿ

ವೈಜನಾಥ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದಾಗ ಗುರುಬಾಯಿ ಶವಪೆಟ್ಟಿಗೆಯ ಮುಚ್ಚಳಕ್ಕೆ ಕೈ ಅಡ್ಡ ಹಿಡಿದಳು.

"ತಡಿಯಪ್ಪಾ. ರವಿಕಾಂತ ಪಾದ್ರಿ ಬರಲಿ."

"ಅಂವಾ ಬರಾಂಗಿಲ್ಲ ವೈನಿ. ಮೂರು ವರ್ಷ ಇವರ ಸಂಗಟ ಮಾತಾಡಿಲ್ಲ. ಈಗ ಬಂದು ಏನ್ ಮಾತಾಡ್ತಾನ?"

"ಮಾತಾಡೂದು ಬ್ಯಾಡ. ಮೊದಲ ಮಣ್ಣು ಅವರೇ ಹಾಕಬೇಕಂತ ಇವರು ಹೇಳಿ ಹೋಗ್ಯಾರ. ಹೇಳಿ ಕಳಸೀನಿ."

ವೈಜನಾಥ ಸುತ್ತಿಗೆ ಕೆಳಗಿಟ್ಟ. ಗಡಿಯೂರು ಉಮರ್ಗಾದ ಆ ಚರ್ಚಿನಲ್ಲಿ ಭಾನುವಾರ ಎಂಟಕ್ಕೆ ಕನ್ನಡ ಆರಾಧನೆ, ಹತ್ತಕ್ಕೆ ಮರಾಠಿ. ಕನ್ನಡದ್ದನ್ನು ಗುರುಬಾಯಿಯ ಗಂಡ ಕಾಶೆಪ್ಪ ನಡೆಸುತ್ತಿದ್ದ, ಮರಾಠಿಯದನ್ನು ರವಿಕಾಂತ. ಇನ್ನು ಮುಂದೆ ಎಂಟರ ಆರಾಧನೆ ವೈಜನಾಥನದು.

*

ಮೂರು ವರ್ಷದ ಹಿಂದೆ ರವಿಕಾಂತನ ಹೆಂಡತಿ ಮೀನಲ ತೀರಿಕೊಂಡಾಗ ಕಾಶೆಪ್ಪ ಕಾಲು ಮುರಿದುಕೊಂಡು ಮಲಗಿದ್ದ. ಭಾಲ್ಕಿ ಕಡೆಯವ, ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುತ್ತಲೇ ನಲವತ್ತು ವರ್ಷ ಕಳೆದವ. ಮರಾಠಿ ಕಲಿತದ್ದು ಬಸ್ಸಿನ ಬೋರ್ಡು ಓದಿ. ದಿಂಬಿಗೆ ಒರಗಿ ಒಂದು ಮಧ್ಯಾಹ್ನವೆಲ್ಲ ಕೂತು ಮರಾಠಿಯಲ್ಲಿ ಒಂದೇ ಸಾಲು ಬರೆದ. ಹೆಂಡತಿಗೆ ಕನ್ನಡದಲ್ಲಿ ಓದಿ ಹೇಳಿದ: ಮೀನಲಬಾಯಿ ಹೋದದ್ದು ಕೇಳಿ ನನಗೆ ಬಹಳ ಸಂತಾಪ ಆಯಿತು.

"ಛಲೋ ಅದ," ಎಂದಿದ್ದಳು ಗುರುಬಾಯಿ.

ಉತ್ತರ ಬರಲಿಲ್ಲ. ಕಾಲು ಕೂಡಿದ ಮೇಲೆ ಕಾಶೆಪ್ಪ ಚರ್ಚಿಗೆ ಹೋದರೆ ರವಿಕಾಂತ ಮುಖ ತಿರುಗಿಸಿ ಒಳಗೆ ನಡೆದ. ಒಂದು ತಿಂಗಳು ಕಾಶೆಪ್ಪ ನಮಸ್ಕಾರ ಮಾಡಿ ನೋಡಿದ. ಆಮೇಲೆ ಅದನ್ನೂ ಬಿಟ್ಟ.

*

ರವಿಕಾಂತ ಬಂದ. ಒಳಗೆ ಬರದೆ ಅಂಗಳದ ಪೆಂಡಾಲಿನ ಅಂಚಿನಲ್ಲಿ ನಿಂತ. ವೈಜನಾಥ ಅವನ ಕಡೆ ನೋಡದೆ ಮೊಬೈಲು ಹಿಡಿದು ಓದತೊಡಗಿದ.

"ಭಾಲ್ಕಿ ಸಭಿಯವರು ಸಂತಾಪ ತಿಳಿಸ್ಯಾರ. ಬೀದರಿನವರೂ ಸಂತಾಪ ತಿಳಿಸ್ಯಾರ."

ರವಿಕಾಂತ ಗುರುಬಾಯಿಯ ಹತ್ತಿರ ಬಂದು ಬಾಗಿದ. ಅವನ ಕನ್ನಡ ಅಷ್ಟಕ್ಕಷ್ಟೇ.

"ವಹಿನಿ, ಕಾಶೆಪ್ಪನ ಮ್ಯಾಲ ಭಾಲ್ಕಿಯವರಿಗಿ ಭೀ ಸಿಟ್ಟು ಇತ್ತು ಕಾ?"

"ಸಿಟ್ಟು ಯಾಕಿರ್ತದ್ರೀ?"

"ಸಂತಾಪ ಅಂದ್ರಲ್ಲ. ಸಂತಾಪ ಮ್ಹಣಜೆ ಸಿಟ್ಟು."

"ನಿಮ್ಮ ಮರಾಠಿದಾಗ ಇರಬೇಕು. ನಮ್ಮಲ್ಲಿ ದುಃಖ್ರೀ. ಸತ್ತ ಮನಿಗಿ ಹೇಳೂ ಮಾತು."

ರವಿಕಾಂತ ಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಕೂತ.

"ಚಿಠ್ಠಿದಾಗ ಸಂತಾಪ ಅಂತ ಬರದಿದ್ದ," ಎಂದ. "ಮೀನಲ ಸತ್ತಾಳಂತ ಇಂವಗ ಯಾಕ ಸಿಟ್ಟು, ಅಂತ ನಾ..."

"ಒಂದು ಮಾತು ಕೇಳಲಿಕ್ಕ ಬಾಯಿ ಇರಲಿಲ್ಲೇನ್ರೀ?" ಎಂದ ವೈಜನಾಥ.

"ಅಂವಾ ಕೇಳಿದ್ನಾ?"

ವೈಜನಾಥ ಸುತ್ತಿಗೆ ಎತ್ತಿಕೊಂಡು ಮುಚ್ಚಳಕ್ಕೆ ಮೊಳೆ ಹೊಡೆದ.

"ಇವರೂ ನೀವೂ ಪ್ರಾರ್ಥನಿಗಿ ನಿಂತ್ರ ತಾಸುಗಟ್ಲೆ ಮಾತಾಡವ್ರು," ಎಂದಳು ಗುರುಬಾಯಿ. "ಏಳ್ರಿ. ಹೊತ್ತಾಗ್ತದ."

ಪೆಟ್ಟಿಗೆಯ ತಲೆಯ ಕಡೆಯನ್ನು ರವಿಕಾಂತ ಹೆಗಲಿಗೆ ತಗೊಂಡ. ಸಮಾಧಿಯ ಹತ್ತಿರ ಮೊದಲ ಹಿಡಿ ಮಣ್ಣು ಹಾಕಿದ. ಹಾಕಿದ ಮೇಲೂ ಕೈ ಒರೆಸಿಕೊಳ್ಳಲಿಲ್ಲ.

ಕನ್ನಡದ ಹಾಡು ಶುರುವಾಯಿತು. ರವಿಕಾಂತನಿಗೆ ಕನ್ನಡ ಅಕ್ಷರ ತಡವರಿಸಿ ಓದುವಷ್ಟೇ ಬರುತ್ತಿತ್ತು. ವೈಜನಾಥ ಮೆಲ್ಲಗೆ ಸರಿದು ಬಂದು ತನ್ನ ಪುಸ್ತಕವನ್ನು ಇಬ್ಬರ ನಡುವೆ ಹಿಡಿದ, ಪದಗಳ ಕೆಳಗೆ ಬೆರಳು ಇಟ್ಟು ನಡೆಸಿದ. ರವಿಕಾಂತ ಎಲ್ಲರಿಗಿಂತ ಒಂದು ಪದ ಹಿಂದೆ ಹಾಡುತ್ತಿದ್ದ. ಪ್ರತಿ ಸಾಲಿನ ಕೊನೆಗೆ ಆ ಬೆರಳು ಅವನು ಬರುವ ತನಕ ನಿಂತು ಕಾಯುತ್ತಿತ್ತು.