ಬಲಗಡೆ ಕುಳಿತವಳು

ನಮ್ಮ ಮನೆಯ ಡಿಜಿಟಲ್ ಪಿಯಾನೊದ ಬಲಗಡೆಯ ಸ್ಪೀಕರ್ ಮೂಕವಾದದ್ದು ಸಾವಿರದ ಒಂಬೈನೂರ ತೊಂಬತ್ತಾರರ ಮಾಘಮಾಸದಲ್ಲಿ. ನನ್ನ ಮಗಳು ಕುಸುಮ ಕಾಮಾಲೆಯಿಂದ ತೀರಿಕೊಂಡು ಆಗ ಐದು ತಿಂಗಳಾಗಿತ್ತು.

ಚಿಕ್ಕೋಡಿಯ ಕಾಲೇಜಿನಲ್ಲಿ ಹಳಗನ್ನಡವನ್ನೂ ಛಂದಸ್ಸನ್ನೂ ಪಾಠ ಹೇಳುವ ನನ್ನ ಮನೆಗೆ ಅಂಥದೊಂದು ವಾದ್ಯ ಬರುವ ಕಾರಣವಿರಲಿಲ್ಲ. ಜೈನ ಪೂಜಾ ಮಹೋತ್ಸವಗಳ ಸಂಗೀತ ಮೇಳದಲ್ಲಿ ನುಡಿಸುತ್ತಿದ್ದ ಕುಸುಮಳ ಸೋದರಮಾವ ಅಣ್ಣಾಸಾಬ ಮುಂಬಯಿಯಲ್ಲಿ ಹಳೆಯದನ್ನು ಕೊಂಡು, ಅವಳಿಗೆಂದು ತಂದು ಇಳಿಸಿಹೋಗಿದ್ದ. ಅದರ ಮಗ್ಗುಲಲ್ಲಿ ಫ್ಲಾಪಿ ಹಾಕುವ ಸೀಳಿತ್ತು. ನಾವು ನುಡಿಸಿದ್ದನ್ನು ಅದು ಬರೆದಿಟ್ಟುಕೊಂಡು ತಾನೇ ಮರಳಿ ನುಡಿಸುತ್ತಿತ್ತು.

“ಟೇಪಿನಂಗ ಆವಾಜ್ ತುಂಬಿಕೊಳ್ಳೂದಿಲ್ಲಪ್ಪಾ ಇದು,” ಎಂದು ಕುಸುಮ ನನಗೆ ತಿಳಿಸಿ ಹೇಳಿದ್ದಳು. “ಯಾವ ಪಟ್ಟಿ ಒತ್ತಿದಿ, ಎಷ್ಟ ಜೋರ ಒತ್ತಿದಿ, ಯಾವಾಗ ಬಿಟ್ಟಿ, ಅಷ್ಟ ಬರಕೋತೈತಿ. ಮಿಡಿ ಅಂತಾರ ಇದಕ್ಕ.”

ನನಗೆ ತಾಳೆಗರಿಯ ನೆನಪಾಯಿತು. ಉಕ್ಕಿನ ಕಂಟದಿಂದ ಕೊರೆದ ಅಕ್ಷರ ಮೊದಲು ಕಣ್ಣಿಗೆ ಬೀಳದು. ಮಸಿ ಸವರಿದಾಗಲೇ ಎದ್ದು ಬರುತ್ತದೆ. ಬೆರಳಿನ ಒತ್ತು ಹಾಗೆ ಅದರೊಳಗೆ ಉಳಿಯುತ್ತದೆಂದು ಅರ್ಥಮಾಡಿಕೊಂಡೆ.

ಅವಳು ತೀರಿಕೊಳ್ಳುವ ಹಿಂದಿನ ವರ್ಷ, ದಶಲಕ್ಷಣ ಪರ್ವದಲ್ಲಿ, ಸೂರ್ಯಾಸ್ತದ ಮುಂಚಿನ ಊಟಕ್ಕೆ ಇನ್ನೂ ಹೊತ್ತಿತ್ತು. ಒಂದೇ ಬೆಂಚಿನ ಮೇಲೆ ಕುಳಿತು ಇಬ್ಬರೂ ಒಂದು ಜಿನಸ್ತೋತ್ರವನ್ನು ನುಡಿಸಿ ಫ್ಲಾಪಿಯಲ್ಲಿ ಬರೆಸಿಟ್ಟೆವು. ಬಲಗಡೆ ಅವಳು, ರಾಗಕ್ಕೆ. ಎಡಗಡೆ ನಾನು, ಪ್ರತಿ ಪಾದದ ಕೊನೆಗೆ ಒಂದು ಬೆರಳಿನಿಂದ ಒಂದು ಮಂದ್ರ ಷಡ್ಜವನ್ನು ಒತ್ತುವುದಕ್ಕೆ. ಮನಸ್ಸಿನಲ್ಲಿ ಲಘು ಗುರುಗಳನ್ನು ಎಣಿಸುತ್ತ ನಾನು ಪ್ರತಿ ಸಾರಿಯೂ ತಡಮಾಡುತ್ತಿದ್ದೆ. ಅವಳು ಕೈ ಎತ್ತಿ ಹಿಡಿದು ಕಾಯುತ್ತಿದ್ದಳು.

“ಊರಿಗೆಲ್ಲ ಛಂದಸ್ಸು ಕಲಸ್ತಿ, ಒಂದ ಬಟ್ಟ ಇಡಾಕ ಇಷ್ಟೊತ್ತ ಬೇಕೇನ?”

“ಯತಿ ಎಲ್ಲಿ ಬರತೈತಿ ನೋಡಾಕತ್ತೇನವ್ವಾ.”

“ಆತು, ನಾ ಕಾಯ್ತೇನಿ. ನೀ ಸಾವಕಾಶ ಒತ್ತ.”

ಎದುರಿಗೆ ಕುಳಿತವನಿಗೆ ಮಂದ್ರ ಎಡದಿಂದಲೂ ತಾರ ಬಲದಿಂದಲೂ ಕೇಳಲೆಂದು ಆ ವಾದ್ಯಕ್ಕೆ ಎರಡು ಸ್ಪೀಕರ್‌ಗಳಿದ್ದವು. ಸ್ಟೀರಿಯೊ ಎಂಬ ಆ ಶಬ್ದದ ಬೆಲೆ ನನಗೆ ತಿಳಿದದ್ದು ಅವಳು ಹೋದ ಮೇಲೆ. ಕಾಲೇಜಿನಿಂದ ಬಂದು ಬೆಂಚಿನ ಎಡಗಡೆ ಕುಳಿತು ಫ್ಲಾಪಿ ಹಾಕಿದರೆ, ಅವಳ ಸ್ವರಗಳು ಅವಳು ಕುಳಿತಿದ್ದ ಕಡೆಯಿಂದಲೇ ಬರುತ್ತಿದ್ದವು. ನನಗೆ ಬೇಕಾಗಿದ್ದದ್ದು ಅಷ್ಟೇ. ಅವಳು ಬಲಗಡೆ ಇರಬೇಕು.

ಆ ಕಡೆಯ ಸ್ಪೀಕರ್ ಸತ್ತಾಗ ರಾಗವೆಲ್ಲ ಪಕ್ಕದ ಮನೆಯಿಂದ ಕೇಳಿದಂತೆ ಸಣ್ಣದಾಯಿತು. ನನ್ನ ಷಡ್ಜವೊಂದೇ ದಪ್ಪನಾಗಿ ಉಳಿಯಿತು. ಪಿಯಾನೊವನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನ ಮೇಲೆ ಕಟ್ಟಿಸಿ, ನಿಪ್ಪಾಣಿಗೆ ಒಯ್ದೆ. ತಂಬಾಕಿನ ಗೋದಾಮಿಗೆ ಹೊಂದಿಕೊಂಡಿದ್ದ ಅಂಗಡಿಯಲ್ಲಿ ಬಾಳಾಸಾಬ ರೇಡಿಯೊ ರಿಪೇರಿ ಮಾಡುತ್ತಿದ್ದ. ಒಳಗೆ ಕಾಲಿಟ್ಟವರು ಮೊದಲು ಸೀನಿ, ಆಮೇಲೆ ಮಾತಾಡಬೇಕು.

“ಏನ್ರಿ ಪಂಡಿತರ, ಕೌದಿ ಹೊಚ್ಚಿ ತಂದೀರಿ. ಮಗಳ ಮದವೀಗಿ ಕೊಡಾಕೇನ್ರಿ?”

ಅವನಿಗೆ ಗೊತ್ತಿರಲಿಲ್ಲ. ಸ್ಪೀಕರ್ ಕೆಟ್ಟಿದೆ ಎಂದಷ್ಟೇ ಹೇಳಿದೆ. ಅವನು ಮುಚ್ಚಳ ಬಿಚ್ಚಿ ನೋಡಿ ತಲೆಯಾಡಿಸಿದ.

“ಇದು ಇಲ್ಲಿ ಸಿಗೂದಿಲ್ರಿ, ಕೊಲ್ಲಾಪುರದಾಗೂ ಸಿಗೂದಿಲ್ಲ. ಎರಡೂ ತಂತಿ ಕೂಡಿಸಿ ಒಂದ ಸ್ಪೀಕರಿಗೆ ಬಿಡ್ತೇನಿ. ಮೋನೊ ಆಗತೈತಿ. ಒಂದ ಸ್ವರ ಸೈತ ಕಳಿಯೂದಿಲ್ಲ.”

“ಬಲಗಡೇದು ಬಲಗಡೇನ ಬರಬೇಕಾಗಿತ್ತು.”

“ಯಾಕ್ರಿ? ನಿಮ್ಮ ಬಸದಿ ಮ್ಯಾಲ ಒಂದ ಭೋಂಗಾ ಐತಿ. ಅದರಾಗ ಮಂತ್ರ ಅರ್ಧಾನ ಬರತೈತೇನು?”

ಮಾಡು ಎಂದೆ.

ಬಾಳಾಸಾಬನ ಮಾತು ಸುಳ್ಳಾಗಲಿಲ್ಲ. ಮನೆಗೆ ತಂದು ಫ್ಲಾಪಿ ಹಾಕಿದಾಗ ಸ್ವರಗಳೆಲ್ಲ ಬಂದವು. ಆದರೆ ಉಳಿದಿದ್ದದ್ದು ಎಡಗಡೆಯ ಸ್ಪೀಕರ್. ಅವಳ ರಾಗ ನನ್ನ ಮೊಣಕೈಯ ಕೆಳಗಿನಿಂದ, ನನ್ನ ಷಡ್ಜದ ಅಡಿಯಲ್ಲಿ ಸಿಕ್ಕಿಕೊಂಡು ಹೊರಟಿತು. ಬಲಗಡೆ ಬೆಂಚಿನ ಹಲಗೆ ಮಾತ್ರ ಇತ್ತು.

ನನ್ನ ಹೆಂಡತಿ ಮಂಗಲ ಅಡುಗೆಮನೆಯಿಂದ ಬಂದು ಕೊನೆಯವರೆಗೂ ನಿಂತು ಕೇಳಿದಳು.

“ಒಂದೂ ಬಿಟ್ಟಿಲ್ಲಲ್ರಿ. ಮತ್ಯಾಕ ಹಿಂಗ ಕುಂತೀರಿ?”

“ಆಕಿ ಇಲ್ಲಿ ಇಲ್ಲ,” ಎಂದು ಪಕ್ಕವನ್ನು ತೋರಿಸಿದೆ.

ಅವಳು ಪಿಯಾನೊದ ಹತ್ತಿರ ಬಂದಳು. “ಜೀವ ಒಂಟಿ ಬರತೈತಿ, ಒಂಟಿ ಹೋಗತೈತಿ ಅಂತ ಬಸದ್ಯಾಗ ಕುಂತು ಏಕತ್ವ ಭಾವನಾ ಓದಿ ಹೇಳಾವ್ರು ನೀವ. ಕೇಳಾವ್ರು ನಾವು.” ಹಾಗೆಂದು ಸೆರಗಿನಿಂದ ಪಿಯಾನೊದ ಮೇಲಿನ ಧೂಳು ಒರೆಸಿ ಒಳಗೆ ಹೋದಳು. ಬಲಗಡೆಯಷ್ಟನ್ನೇ ಒರೆಸಿದ್ದಳು.

ನನ್ನ ಷಡ್ಜವಾದರೂ ಅವಳನ್ನು ಮುಚ್ಚದಿರಲಿ ಎನ್ನಿಸಿತು. ಎಡಗೈಯ ಪಂಕ್ತಿ ಬೇರೆ, ಬಲಗೈಯ ಪಂಕ್ತಿ ಬೇರೆಯಾಗಿ ಬರೆದಿರುತ್ತದೆಂದೂ ಬೇಡವಾದದ್ದನ್ನು ಸುಮ್ಮನಾಗಿಸಬಹುದೆಂದೂ ಕುಸುಮ ಒಮ್ಮೆ ಗುಂಡಿ ತೋರಿಸಿದ್ದಳು. ಅದನ್ನು ಒತ್ತಿ ನನ್ನನ್ನು ಅಳಿಸಿದೆ.

ರಾಗ ಸ್ವಚ್ಛವಾಗಿ ಬಂತು. ಮೊದಲ ಪಾದ ಮುಗಿದು ನಿಂತಿತು. ಯಂತ್ರ ಕೆಟ್ಟಿತೆಂದುಕೊಂಡೆ. ಅಷ್ಟರಲ್ಲಿ ಎರಡನೆಯ ಪಾದ ಶುರುವಾಯಿತು. ಅದರ ಕೊನೆಗೂ ಅಷ್ಟೇ ಬರಿದು. ಮೂರನೆಯದು ನಿಂತಾಗ ತಿಳಿಯಿತು: ಅವಳು ಕೈ ಎತ್ತಿ ಹಿಡಿದಿದ್ದಾಳೆ. ನನ್ನ ಬೆರಳಿಗಾಗಿ ಕಾದ ಹೊತ್ತೆಲ್ಲ ಅಲ್ಲಿ ಬರೆದಿತ್ತು. ಇಷ್ಟು ದಿನ ನನ್ನ ಸ್ವರವೇ ಅದನ್ನು ಮುಚ್ಚಿತ್ತು.

ಅದನ್ನು ಮೊದಲಿನಿಂದ ಹಚ್ಚಿ, ಬೆಂಚಿನ ಎಡತುದಿಗೆ ಸರಿದು, ಬಲಗಡೆ ಜಾಗ ಬಿಟ್ಟು ಕುಳಿತೆ. ಅವಳು ನಿಂತಲ್ಲಿ ನಾನು ಷಡ್ಜವನ್ನು ಒತ್ತಿದೆ. ಅವಳು ಮುಂದುವರಿದಳು. ಮತ್ತೆ ನಿಂತಳು, ಒತ್ತಿದೆ, ಮುಂದುವರಿದಳು. ಹೀಗೆ ಆರು ಪಾದ ನಡೆದವು. ಸ್ವರ ಯಾವ ಕಡೆಯಿಂದ ಬರುತ್ತಿದೆಯೆಂಬುದು ನನಗೆ ಮರೆತೇಹೋಗಿತ್ತು.

ಏಳನೆಯ ಪಾದದ ಕೊನೆಗೆ ಪಟ್ಟಿಗಳು ಕಣ್ಣಿಗೆ ಮಸುಕಾದವು. ಒತ್ತಬೇಕಾದ ಪಟ್ಟಿಯನ್ನು ಬೆರಳಿನಿಂದ ಹುಡುಕುತ್ತಿದ್ದೆ. ಸಾವಕಾಶ ಒತ್ತು ಎಂದಿದ್ದವಳು ಅಂದು ಕಾದಷ್ಟೇ ಕಾದಳು, ಅದಕ್ಕಿಂತ ಒಂದು ಕ್ಷಣ ಹೆಚ್ಚಲ್ಲ. ನಾನು ಒತ್ತುವುದರೊಳಗೆ ಮುಂದಿನ ಪಾದಕ್ಕೆ ಹೋಗಿಬಿಟ್ಟಿದ್ದಳು.